ಹೋಲಿಕೆಯ ಪದಗಳ ಪ್ರಶ್ನೆ: ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಬಗೆ

ಎಫ್‌ಡಿಎ, ಎಸ್‌ಡಿಎ ಆಗಲಿ, ಬ್ಯಾಂಕ್ ಅಥವಾ ಎಸ್‌ಎಸ್‌ಸಿ ಆಗಲಿ, ನೇಮಕಾತಿ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ಹೋಲಿಕೆಯನ್ನು ಸೂಚಿಸುವ ಪದಗಳ ಮೇಲೆ ಪದೇ ಪದೇ ಪ್ರಶ್ನೆ ಬರುತ್ತದೆ. ನೋಡುವುದಕ್ಕೆ ಇದು ಸುಲಭದ ಪ್ರಶ್ನೆ: ಒಂದು ಚಿಕ್ಕ ವಾಕ್ಯ, ನಡುವೆ ಖಾಲಿ ಜಾಗ, ಕೆಳಗೆ 'ಆ್ಯಸ್', 'ಲೈಕ್', 'ದ್ಯಾನ್', 'ಟು' ಎಂಬ ನಾಲ್ಕು ಪುಟ್ಟ ಪದಗಳು. ಸಿನೊನಿಮ್‌ಗಳ ಪ್ರಶ್ನೆಯಲ್ಲಿ ಪದದ ಅರ್ಥ ಗೊತ್ತಿಲ್ಲದೆ ಅಂಕ ಹೋಗುತ್ತದೆ. ಇಲ್ಲಿ ಎಲ್ಲ ಪದಗಳ ಅರ್ಥ ಗೊತ್ತಿದ್ದೂ ಅಂಕ ಹೋಗುತ್ತದೆ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು, ಯಾವ ಆಯ್ಕೆಯನ್ನು ಇಟ್ಟರೆ ಅರ್ಥ ಕೂಡುತ್ತದೆ ಎಂದು ನೋಡುವ ಅಭ್ಯಾಸವೇ ಇದಕ್ಕೆ ಮುಖ್ಯ ಕಾರಣ. 'ಅವನು ನನಗಿಂತ ಎತ್ತರ', 'ಅವನು ನನಗಿಂತ ಸೀನಿಯರ್', 'ನನಗೆ ಕಾಫಿಗಿಂತ ಚಹಾ ಇಷ್ಟ' ಎಂಬ ಮೂರೂ ಮಾತುಗಳಿಗೆ ಕನ್ನಡದಲ್ಲಿ 'ಗಿಂತ' ಒಂದೇ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ದ್ಯಾನ್' ಬೇಕು, ಎರಡನೆಯದಕ್ಕೆ 'ಟು' ಬೇಕು, ಮೂರನೆಯದಕ್ಕೆ ವಾಕ್ಯದಲ್ಲಿ 'ಪ್ರಿಫರ್' ಇದೆಯೇ, 'ಲೈಕ್ ಮೋರ್' ಇದೆಯೇ ಎಂಬುದರ ಮೇಲೆ 'ಟು' ಅಥವಾ 'ದ್ಯಾನ್' ಬರುತ್ತದೆ. ಅರ್ಥದ ದಾರಿ ಹಿಡಿದವನಿಗೆ ಎರಡು ಮೂರು ಆಯ್ಕೆಗಳು ಸರಿಯಾಗಿಯೇ ಕಾಣುತ್ತವೆ.

ಆದುದರಿಂದ ಈ ಪ್ರಶ್ನೆಗಳಲ್ಲಿ ಅರ್ಥವನ್ನು ಸ್ವಲ್ಪ ಬದಿಗಿಟ್ಟು, ಖಾಲಿ ಜಾಗದ ಅಕ್ಕಪಕ್ಕದಲ್ಲಿರುವ ಪದಗಳನ್ನು ಓದಬೇಕು. ಎಡಗಡೆ ಯಾವ ಗುಣವಾಚಕ ಅಥವಾ ಕ್ರಿಯಾಪದ ಇದೆ, ಬಲಗಡೆ ಬರಿಯ ನಾಮಪದ ಇದೆಯೇ ಅಥವಾ ಕರ್ತೃ, ಕ್ರಿಯಾಪದ ಎರಡೂ ಇರುವ ಉಪವಾಕ್ಯ ಇದೆಯೇ, ಹೋಲಿಕೆ ಇಬ್ಬರ ನಡುವೆಯೇ ಅಥವಾ ಹಲವರ ನಡುವೆಯೇ ಎಂಬ ಮೂರು ಸಂಗತಿಗಳನ್ನು ಗಮನಿಸಿದರೆ ಬಹುಪಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಆಯ್ಕೆಗಳನ್ನು ನೋಡುವುದು ಇದಾದ ಮೇಲೆ. ಮೊದಲೇ ಆಯ್ಕೆಗಳನ್ನು ಓದಿದರೆ ಕಿವಿಗೆ ಪರಿಚಿತವಾದ ಪದ ಮನಸ್ಸನ್ನು ಹಿಡಿದುಕೊಳ್ಳುತ್ತದೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳಿರುತ್ತವೆ. ಅಂದರೆ ಒಂದು ಪ್ರಶ್ನೆಗೆ ಸಿಗುವುದು ಸರಾಸರಿ 36 ಸೆಕೆಂಡು. ಇಂಗ್ಲಿಷಿನ 25 ಪ್ರಶ್ನೆಗಳಲ್ಲಿ ತಲಾ ಎರಡು ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ಇಷ್ಟು ಕಡಿಮೆ ಸಮಯದಲ್ಲಿ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಮತ್ತೆ ಇಂಗ್ಲಿಷಿಗೆ ಮರಳುವುದಕ್ಕಿಂತ, ನಿರ್ಣಾಯಕವಾದ ಒಂದು ಪದವನ್ನು ಹುಡುಕುವುದು ಬೇಗನೆ ಮುಗಿಯುವ ಕೆಲಸ.

ಎಡಗಡೆಯ ಪದ ನಿರ್ಧರಿಸುವ ಪ್ರಶ್ನೆಗಳು

'ದ್ಯಾನ್' ಬರಬೇಕಾದರೆ ಅದರ ಹಿಂದೆ ಕಂಪ್ಯಾರೆಟಿವ್ ರೂಪವೊಂದು, ಅಂದರೆ ಒಂದಕ್ಕಿಂತ ಇನ್ನೊಂದು ಹೆಚ್ಚು ಅಥವಾ ಕಡಿಮೆ ಎಂದು ಹೇಳುವ ರೂಪ, ಇರಲೇಬೇಕು: 'ಟಾಲರ್', 'ಬೆಟರ್', 'ಮೋರ್ ಯೂಸ್‌ಫುಲ್', 'ಲೆಸ್', 'ಫ್ಯೂವರ್' ಇತ್ಯಾದಿ. 'ರಾದರ್', 'ಅದರ್' ಎಂಬ ಪದಗಳೂ ಇದೇ ಗುಂಪಿಗೆ ಸೇರುತ್ತವೆ. 'ನೋ ಸೂನರ್' ಎಂದು ವಾಕ್ಯ ಆರಂಭವಾದರೆ ಮುಂದೆ 'ದ್ಯಾನ್' ಬರುವುದೂ ಇದೇ ಕಾರಣಕ್ಕೆ, ಏಕೆಂದರೆ 'ಸೂನರ್' ಸ್ವತಃ ಕಂಪ್ಯಾರೆಟಿವ್ ರೂಪ. 'ಹಾರ್ಡ್ಲಿ' ಅಥವಾ 'ಸ್ಕೇರ್ಸ್ಲಿ' ಇದ್ದರೆ ಅಲ್ಲಿ ಹೋಲಿಕೆಯ ರೂಪವೇ ಇಲ್ಲ. ಆದುದರಿಂದ 'ವೆನ್' ಬರುತ್ತದೆ. ಈ ಎರಡನ್ನು ಬೇರೆ ಬೇರೆ ಸೂತ್ರಗಳಂತೆ ಬಾಯಿಪಾಠ ಮಾಡುವ ಬದಲು ಹೀಗೆ ಕಾರಣ ತಿಳಿದಿಟ್ಟುಕೊಂಡರೆ ಪರೀಕ್ಷೆಯ ಗಡಿಬಿಡಿಯಲ್ಲಿ ಅದಲುಬದಲಾಗುವುದಿಲ್ಲ. ಆಯ್ಕೆಗಳಲ್ಲಿ 'ದ್ಯಾನ್' ಪಕ್ಕದಲ್ಲೇ 'ದೆನ್' ಕೂಡ ಇರುತ್ತದೆ. 'ಎ' ಇರುವುದು ಹೋಲಿಕೆಗೆ, 'ಇ' ಇರುವುದು 'ಆಮೇಲೆ' ಎಂಬ ಅರ್ಥಕ್ಕೆ. ಇದು ಗೊತ್ತಿಲ್ಲದವರು ಕಡಿಮೆ, ಆದರೆ ಅವಸರದಲ್ಲಿ ಕಣ್ಣು ತಪ್ಪುವವರು ಬಹಳ.

ಈಗ 'ಟು' ಗುಂಪನ್ನು ನೋಡೋಣ. 'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಇನ್‌ಫೀರಿಯರ್', 'ಪ್ರಯರ್' ಎಂಬ ಪದಗಳು ಲ್ಯಾಟಿನ್ ಭಾಷೆಯಿಂದ ಬಂದವು, ಮತ್ತು ಲ್ಯಾಟಿನ್‌ನಲ್ಲಿ ಇವು ಆಗಲೇ ಕಂಪ್ಯಾರೆಟಿವ್ ರೂಪಗಳು. ಅವುಗಳ ಕೊನೆಯಲ್ಲಿ 'ಇಆರ್' ಬದಲು 'ಐಒಆರ್' ಇರುವುದನ್ನು ಗಮನಿಸಬೇಕು. ಇವು ಇಂಗ್ಲಿಷಿಗೆ ಬಂದ ಮೇಲೆ 'ಟು' ಎಂಬ ಪದವನ್ನು ಹಿಡಿದವು. 'ದ್ಯಾನ್' ಇವಕ್ಕೆ ಒಗ್ಗಲಿಲ್ಲ. 'ಮೋರ್ ಸುಪೀರಿಯರ್', 'ಮೋರ್ ಇನ್‌ಫೀರಿಯರ್' ಎಂಬ ಪ್ರಯೋಗಗಳನ್ನು ಪರೀಕ್ಷೆ ತಪ್ಪು ಎಂದು ಪರಿಗಣಿಸುವುದಕ್ಕೂ ಇದೇ ಕಾರಣ: ಹೆಚ್ಚಿನದು ಎಂಬ ಅರ್ಥ ಪದದ ಒಳಗೇ ಇದೆ. ನಮ್ಮ ಕಚೇರಿಗಳಲ್ಲಿ 'ಹಿ ಈಸ್ ಸೀನಿಯರ್ ದ್ಯಾನ್ ಮಿ' ಎಂಬ ಮಾತು ಎಷ್ಟು ರೂಢಿಯಾಗಿದೆ ಎಂದರೆ, ಸರಿಯಾದ 'ಸೀನಿಯರ್ ಟು ಮಿ' ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಕಿವಿಯನ್ನು ನಂಬುವ ಅಭ್ಯರ್ಥಿ ಜಾರುವುದು ಇಲ್ಲೇ. 'ಮೇಜರ್', 'ಮೈನರ್', 'ಇಂಟೀರಿಯರ್', 'ಎಕ್ಸ್‌ಟೀರಿಯರ್' ಕೂಡ ಇದೇ ಮೂಲದವು. ಆದರೆ ಇಂಗ್ಲಿಷಿನಲ್ಲಿ ಅವು ಸಾಮಾನ್ಯ ಗುಣವಾಚಕಗಳಾಗಿಬಿಟ್ಟಿವೆ, ಹೋಲಿಕೆಗೆ ಬಳಕೆಯಾಗುವುದಿಲ್ಲ.

'ಪ್ರಿಫರ್' ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಇದು ಪ್ರಿಯವಾದ ಜಾಗ. 'ಐ ಪ್ರಿಫರ್ ಟೀ ಟು ಕಾಫಿ', 'ಐ ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್' ಎಂಬ ವಾಕ್ಯಗಳಲ್ಲಿ ಎರಡೂ ಕಡೆ ನಾಮಪದ ಅಥವಾ 'ಇಂಗ್' ರೂಪ ಇದೆ, ಆದುದರಿಂದ 'ಟು'. ಆದರೆ 'ಐ ಪ್ರಿಫರ್ ಟು ವಾಕ್' ಎಂದು ವಾಕ್ಯ ಆರಂಭವಾದರೆ, ಒಂದು 'ಟು' ಆಗಲೇ ಕ್ರಿಯಾಪದದ ಜೊತೆ ಬಳಕೆಯಾಗಿಹೋಗಿದೆ. ಮುಂದೆ 'ರಾದರ್ ದ್ಯಾನ್ ಡ್ರೈವ್' ಎಂದೇ ಬರಬೇಕು. ಅದೇ ರೀತಿ 'ವುಡ್ ರಾದರ್' ಇದ್ದರೆ 'ದ್ಯಾನ್'. ಅಂದರೆ 'ಪ್ರಿಫರ್' ಕಂಡ ಕೂಡಲೇ 'ಟು' ಗುರುತು ಹಾಕಿ ಮುಂದೆ ಹೋಗುವಂತಿಲ್ಲ. ಅದರ ಮುಂದಿನ ಪದವನ್ನೂ ಓದಬೇಕು. 'ಪ್ರಿಫರಬಲ್' ಮಾತ್ರ ಸರಳ: 'ಮೋರ್' ಬೇಡ, 'ದ್ಯಾನ್' ಬೇಡ, 'ಟು' ಸಾಕು.

ಉಳಿದವು ಬೇಗ ಮುಗಿಯುತ್ತವೆ. 'ಸಿಮಿಲರ್' ಮತ್ತು 'ಈಕ್ವಲ್' ಮುಂದೆ 'ಟು', 'ದಿ ಸೇಮ್' ಮುಂದೆ 'ಆ್ಯಸ್', 'ಡಿಫರೆಂಟ್' ಮುಂದೆ 'ಫ್ರಮ್'. ಕೊನೆಯದರಲ್ಲಿ ಬ್ರಿಟನ್ನಿನಲ್ಲಿ 'ಟು', ಅಮೆರಿಕದಲ್ಲಿ 'ದ್ಯಾನ್' ಕೂಡ ಬಳಕೆಯಲ್ಲಿದೆ. ಆದರೆ ನಾಲ್ಕು ಆಯ್ಕೆಗಳಲ್ಲಿ 'ಫ್ರಮ್' ಇದ್ದರೆ ಬೇರೆ ಕಡೆ ನೋಡುವ ಅಗತ್ಯವಿಲ್ಲ. 'ಕಂಪೇರ್' ಮುಂದೆ ಎರಡು ಸಾಧ್ಯತೆಗಳಿವೆ: ಒಂದೇ ಜಾತಿಯ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡುವಾಗ 'ವಿತ್', ಬೇರೆ ಜಾತಿಯ ವಸ್ತುವಿಗೆ ಉಪಮೆ ಕೊಡುವಾಗ 'ಟು'. ಈ ವರ್ಷದ ಫಲಿತಾಂಶವನ್ನು ಹಿಂದಿನ ವರ್ಷದ ಫಲಿತಾಂಶದ ಜೊತೆ ನೋಡಿದರೆ 'ವಿತ್', ಮುಖವನ್ನು ಚಂದ್ರನಿಗೆ ಹೋಲಿಸಿದರೆ 'ಟು'.

'ಲೈಕ್' ಮತ್ತು 'ಆ್ಯಸ್': ಬಲಗಡೆ ನೋಡಿ

ಈ ಜೋಡಿಯಲ್ಲಿ ನಿರ್ಣಾಯಕ ಪದ ಖಾಲಿ ಜಾಗದ ನಂತರ ಇರುತ್ತದೆ. ಬಲಗಡೆ ಬರಿಯ ನಾಮಪದ ಅಥವಾ ಸರ್ವನಾಮ ಇದ್ದರೆ 'ಲೈಕ್': 'ಶಿ ಸಿಂಗ್ಸ್ ಲೈಕ್ ಹರ್ ಮದರ್'. ಕರ್ತೃ ಮತ್ತು ಕ್ರಿಯಾಪದ ಎರಡೂ ಇದ್ದರೆ 'ಆ್ಯಸ್': 'ಶಿ ಸಿಂಗ್ಸ್ ಆ್ಯಸ್ ಹರ್ ಮದರ್ ಡಸ್'. ಕೊನೆಯ 'ಡಸ್' ಎಂಬ ಒಂದೇ ಪದ ಉತ್ತರವನ್ನು ತಿರುಗಿಸುತ್ತದೆ. ವಾಕ್ಯವನ್ನು ಪೂರ್ಣವಿರಾಮದವರೆಗೆ ಓದದೆ ಗುರುತು ಹಾಕಿದವರಿಗೆ ಅದು ಕಾಣುವುದೇ ಇಲ್ಲ. ಬಲಗಡೆ 'ಇನ್', 'ಆನ್', 'ಅಟ್' ಮುಂತಾದ ಪ್ರಿಪೊಸಿಷನ್ ಇದ್ದರೂ 'ಆ್ಯಸ್' ಬೇಕು: 'ಇನ್ ಧಾರವಾಡ, ಆ್ಯಸ್ ಇನ್ ಮೈಸೂರು' ಎಂಬ ಮಾದರಿ.

1954ರಲ್ಲಿ ಅಮೆರಿಕದ ವಿನ್‌ಸ್ಟನ್ ಸಿಗರೇಟಿನ ಜಾಹೀರಾತು 'ಲೈಕ್ ಎ ಸಿಗರೆಟ್ ಶುಡ್' ಎಂಬ ಪ್ರಯೋಗದಿಂದ ಅಲ್ಲಿನ ವ್ಯಾಕರಣಪ್ರಿಯರ ಕೋಪಕ್ಕೆ ಗುರಿಯಾಗಿತ್ತು. 'ಸಿಗರೆಟ್' ಕರ್ತೃ, 'ಶುಡ್' ಕ್ರಿಯಾಪದ. ಆದುದರಿಂದ 'ಆ್ಯಸ್' ಇರಬೇಕಿತ್ತು ಎಂಬುದು ಅವರ ವಾದ. ಮಾತಿನ ಇಂಗ್ಲಿಷಿನಲ್ಲಿ ಇಂದಿಗೂ 'ಲೈಕ್' ಹಾಗೆಯೇ ಧಾರಾಳವಾಗಿ ಬಳಕೆಯಾಗುತ್ತದೆ, ಸಿನಿಮಾ ಮತ್ತು ಸರಣಿಗಳನ್ನು ನೋಡಿ ಇಂಗ್ಲಿಷ್ ಕಲಿತವರಿಗೆ ಅದೇ ಸಹಜವೆನ್ನಿಸುತ್ತದೆ. ವಸ್ತುನಿಷ್ಠ ಪರೀಕ್ಷೆಗಳು ಮಾತ್ರ ಹಳೆಯ ನಿಯಮವನ್ನೇ ಹಿಡಿದುಕೊಂಡಿವೆ.

ಬಲಗಡೆ ನಾಮಪದವೇ ಇದ್ದು 'ಆ್ಯಸ್' ಸರಿಯಾಗುವ ಸಂದರ್ಭ ಒಂದಿದೆ, ಅದು ಪಾತ್ರ ಅಥವಾ ಹುದ್ದೆಯನ್ನು ಹೇಳುವಾಗ. 'ಹಿ ವರ್ಕ್ಸ್ ಆ್ಯಸ್ ಎ ಕ್ಲರ್ಕ್' ಎಂದರೆ ಅವನ ಹುದ್ದೆಯೇ ಕ್ಲರ್ಕ್. 'ಹಿ ವರ್ಕ್ಸ್ ಲೈಕ್ ಎ ಕ್ಲರ್ಕ್' ಎಂದರೆ ಅವನು ಬೇರೇನೋ ಆಗಿದ್ದು ಕ್ಲರ್ಕಿನ ಹಾಗೆ ಕೆಲಸ ಮಾಡುತ್ತಾನೆ. ಎರಡೂ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿರುವುದರಿಂದ, ಇಲ್ಲಿ ಮಾತ್ರ ವಾಕ್ಯದ ಉಳಿದ ಭಾಗದಿಂದ ಸುಳಿವು ಹುಡುಕಬೇಕು. ಇಲಾಖೆ, ಸಂಬಳ, ನೇಮಕಾತಿ, ಇಸವಿ ಇಂಥವುಗಳ ಪ್ರಸ್ತಾಪ ಇದ್ದರೆ ಹುದ್ದೆಯ ಮಾತು. 'ದೋ ಹಿ ಈಸ್ ದಿ ಮ್ಯಾನೇಜರ್' ಎಂಬಂಥ ಭಾಗ ಇದ್ದರೆ ಹೋಲಿಕೆಯ ಮಾತು. ಇನ್ನು 'ಆ್ಯಸ್ ಇಫ್' ಅಥವಾ 'ಆ್ಯಸ್ ದೋ' ಬಂದು, ಹೇಳಿದ ಸಂಗತಿ ನಿಜವಲ್ಲದಿದ್ದರೆ ಮುಂದಿನ ಕ್ರಿಯಾಪದ 'ವರ್' ಆಗಿರಬೇಕು: 'ಹಿ ಟಾಕ್ಸ್ ಆ್ಯಸ್ ಇಫ್ ಹಿ ವರ್ ದಿ ಡೆಪ್ಯುಟಿ ಕಮಿಷನರ್'. ಖಾಲಿ ಜಾಗ ಕೆಲವೊಮ್ಮೆ 'ಆ್ಯಸ್ ಇಫ್' ಜಾಗದಲ್ಲಿರುತ್ತದೆ, ಕೆಲವೊಮ್ಮೆ 'ವರ್' ಜಾಗದಲ್ಲಿರುತ್ತದೆ. ಒಂದನ್ನು ಕಂಡರೆ ಇನ್ನೊಂದನ್ನು ನೆನೆಯಬೇಕು.

'ಆ್ಯಸ್' ಜೋಡಿಯಾಗಿ ಬರುವಾಗ ಮೊದಲನೆಯದು ಕಂಡರೆ ಎರಡನೆಯದು ಖಚಿತ: 'ಆ್ಯಸ್ ಟಾಲ್ ಆ್ಯಸ್'. ನಿಷೇಧವಾಕ್ಯದಲ್ಲಿ ಮೊದಲನೆಯದರ ಬದಲು 'ಸೋ' ಬರಬಹುದು, 'ನಾಟ್ ಸೋ ಟಾಲ್ ಆ್ಯಸ್' ಎಂಬಂತೆ. ನಿಷೇಧವಿಲ್ಲದ ಕಡೆ 'ಸೋ ಟಾಲ್ ಆ್ಯಸ್' ತಪ್ಪು. ಪಟ್ಟು ಹೇಳುವಾಗಲೂ ಇದೇ ಜೋಡಿ: 'ಟ್ವೈಸ್ ಆ್ಯಸ್ ಲಾಂಗ್ ಆ್ಯಸ್'. 'ಟ್ವೈಸ್ ಲಾಂಗರ್ ದ್ಯಾನ್' ಎಂಬುದನ್ನು ಪರೀಕ್ಷೆಯಲ್ಲಿ ದೋಷವೆಂದೇ ಗುರುತಿಸಬೇಕು. ಎರಡು ಹೋಲಿಕೆಗಳು ಒಟ್ಟಿಗೆ ಬಂದಾಗ ಎರಡಕ್ಕೂ ಅದರದರ ಪದ ಸಿಗಬೇಕು. 'ಆ್ಯಸ್ ಗುಡ್ ಆರ್ ಬೆಟರ್ ದ್ಯಾನ್' ಎಂದರೆ ಮೊದಲ ಹೋಲಿಕೆಯ ಎರಡನೇ 'ಆ್ಯಸ್' ಬಿಟ್ಟುಹೋಗಿದೆ. 'ಆ್ಯಸ್ ಗುಡ್ ಆ್ಯಸ್, ಆರ್ ಬೆಟರ್ ದ್ಯಾನ್' ಎಂದಿರಬೇಕು. ದೋಷ ಗುರುತಿಸುವ ಪ್ರಶ್ನೆಗಳಲ್ಲಿ ಈ ಬಿಟ್ಟುಹೋದ 'ಆ್ಯಸ್' ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಬಲೆ.

ತನ್ನನ್ನು ತನ್ನ ಜೊತೆಗೇ ಹೋಲಿಸುವ ತಪ್ಪು

'ಎನಿ' ಮತ್ತು 'ಎನಿ ಅದರ್' ನಡುವೆ ಆಯ್ಕೆ ಮಾಡುವ ಪ್ರಶ್ನೆ ವ್ಯಾಕರಣಕ್ಕಿಂತ ತರ್ಕದ ಪ್ರಶ್ನೆ. 'ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ' ಎಂದು ಬರೆದರೆ, ಮುಳ್ಳಯ್ಯನಗಿರಿಯೂ ಕರ್ನಾಟಕದ ಶಿಖರವೇ ಆಗಿರುವುದರಿಂದ, ಅದು ತನಗಿಂತ ತಾನೇ ಎತ್ತರ ಎಂದಂತಾಗುತ್ತದೆ. ಆದುದರಿಂದ 'ಎನಿ ಅದರ್ ಪೀಕ್' ಬೇಕು. ಆದರೆ 'ಆನಮುಡಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ' ಎಂಬ ವಾಕ್ಯ ಹಾಗೆಯೇ ಸರಿ, ಏಕೆಂದರೆ ಆನಮುಡಿ ಇರುವುದು ಕೇರಳದಲ್ಲಿ; ಅಲ್ಲಿ 'ಅದರ್' ಸೇರಿಸಿದರೆ ಆನಮುಡಿಯನ್ನು ಕರ್ನಾಟಕಕ್ಕೆ ಸೇರಿಸಿದಂತಾಗುತ್ತದೆ. 'ದ್ಯಾನ್ ಎನಿ' ಕಂಡಲ್ಲೆಲ್ಲ ಕಣ್ಣುಮುಚ್ಚಿ 'ಅದರ್' ಸೇರಿಸುವವರನ್ನು ಹಿಡಿಯಲು ಇಂಥ ವಾಕ್ಯ ಕೊಟ್ಟು, ಉತ್ತರವನ್ನು 'ನೋ ಎರರ್' ಎಂದು ಇಡುವ ಸಾಧ್ಯತೆ ಯಾವಾಗಲೂ ಇರುತ್ತದೆ. ಹೋಲಿಸಲಾಗುವ ವಸ್ತು ಆ ಗುಂಪಿಗೆ ಸೇರಿದ್ದೇ, ಅಲ್ಲವೇ ಎಂದು ಕೇಳಿಕೊಳ್ಳುವುದು ಇಲ್ಲಿಯ ಒಂದೇ ಪರೀಕ್ಷೆ.

'ಎನಿ ಅದರ್' ನಂತರ ಏಕವಚನ, 'ಆಲ್ ಅದರ್' ನಂತರ ಬಹುವಚನ. ಸೂಪರ್ಲೇಟಿವ್, ಅಂದರೆ ಎಲ್ಲಕ್ಕಿಂತ ಹೆಚ್ಚು ಎಂದು ಹೇಳುವ ರೂಪ, ಇದ್ದರೆ ಲೆಕ್ಕ ತಿರುಗುತ್ತದೆ: 'ದಿ ಹೈಯೆಸ್ಟ್ ಆಫ್ ಆಲ್ ಪೀಕ್ಸ್' ಎನ್ನಬೇಕೇ ಹೊರತು 'ಆಫ್ ಆಲ್ ಅದರ್ ಪೀಕ್ಸ್' ಎನ್ನಬಾರದು, ಏಕೆಂದರೆ ಗುಂಪಿನಲ್ಲಿ ಅತಿ ಎತ್ತರದ್ದು ಎನ್ನಿಸಿಕೊಳ್ಳಲು ಅದು ಆ ಗುಂಪಿನ ಒಳಗೇ ಇರಬೇಕು. ಪಾಸಿಟಿವ್ ಡಿಗ್ರಿಗೆ, ಅಂದರೆ ಗುಣವಾಚಕದ ಮೂಲರೂಪಕ್ಕೆ, ಬದಲಾಯಿಸಿದಾಗ 'ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ' ಆಗುತ್ತದೆ. ಹೈಸ್ಕೂಲಿನಲ್ಲಿ ಡಿಗ್ರಿ ಬದಲಿಸುವ ಅಭ್ಯಾಸವನ್ನು ಯಾಂತ್ರಿಕವಾಗಿ ಮಾಡಿಸಲಾಗುತ್ತದೆ. 'ಅದರ್' ಎಲ್ಲಿ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ಆಗಲೇ ಹೇಳಿಕೊಟ್ಟಿದ್ದರೆ ಈ ಪ್ರಶ್ನೆ ಮುಂದೆ ಯಾರಿಗೂ ಕಷ್ಟವಾಗುತ್ತಿರಲಿಲ್ಲ.

ಇದರ ಪಕ್ಕದಲ್ಲೇ ಇಡಬೇಕಾದದ್ದು 'ದ್ಯಾಟ್ ಆಫ್' ಮತ್ತು 'ದೋಸ್ ಆಫ್'. 'ದಿ ರೇನ್‌ಫಾಲ್ ಆಫ್ ಆಗುಂಬೆ ಈಸ್ ಹೆವಿಯರ್ ದ್ಯಾನ್ ಮೈಸೂರು' ಎಂಬ ವಾಕ್ಯದಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಮಳೆ, ಇನ್ನೊಂದರಲ್ಲಿ ಇಡೀ ಮೈಸೂರು ನಗರ ಕುಳಿತಿದೆ. ಮಳೆಯನ್ನು ಮಳೆಗೇ ಹೋಲಿಸಬೇಕಾದ್ದರಿಂದ 'ದ್ಯಾನ್ ದ್ಯಾಟ್ ಆಫ್ ಮೈಸೂರು' ಆಗಬೇಕು. 'ರೇನ್‌ಫಾಲ್' ಏಕವಚನವಾದ್ದರಿಂದ 'ದ್ಯಾಟ್'. 'ದಿ ಸ್ಟ್ರೀಟ್ಸ್ ಆಫ್' ಎಂದು ಬಹುವಚನ ಇದ್ದರೆ 'ದೋಸ್'. ವ್ಯಕ್ತಿಗಳ ವಿಷಯದಲ್ಲಿ ಅಪಾಸ್ಟ್ರಫಿ ಈ ಕೆಲಸವನ್ನು ಮಾಡುತ್ತದೆ: 'ಮೈ ಹ್ಯಾಂಡ್‌ರೈಟಿಂಗ್ ಈಸ್ ಬೆಟರ್ ದ್ಯಾನ್ ಮೈ ಬ್ರದರ್ಸ್'. ಇಲ್ಲಿ ಅಪಾಸ್ಟ್ರಫಿ ಬಿಟ್ಟರೆ ಅಕ್ಷರವನ್ನು ತಮ್ಮನ ಜೊತೆ ಹೋಲಿಸಿದಂತಾಗುತ್ತದೆ. ಕನ್ನಡದಲ್ಲಿ 'ಆಗುಂಬೆಯ ಮಳೆ ಮೈಸೂರಿಗಿಂತ ಜೋರು' ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಆದುದರಿಂದ ಈ ದೋಷ ನಮ್ಮ ಕಣ್ಣಿಗೆ ಬೀಳುವುದು ಕಷ್ಟ, ಮತ್ತು ದೋಷ ಗುರುತಿಸುವ ಪ್ರಶ್ನೆಯಲ್ಲಿ ಉಳಿದೆಲ್ಲವೂ ಸರಿಯಾಗಿ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

'ಲೆಸ್', 'ಫ್ಯೂವರ್', 'ಲೆಸರ್'

ಎಣಿಸಬಹುದಾದ ಬಹುವಚನಕ್ಕೆ 'ಫ್ಯೂವರ್', ಎಣಿಸಲಾಗದ್ದಕ್ಕೆ 'ಲೆಸ್': 'ಫ್ಯೂವರ್ ಬಸಸ್', 'ಲೆಸ್ ಟ್ರಾಫಿಕ್'. ಈ ನಿಯಮವನ್ನು 1770ರಲ್ಲಿ ರಾಬರ್ಟ್ ಬೇಕರ್ ಎಂಬ ಇಂಗ್ಲಿಷ್ ಲೇಖಕ ತನ್ನ ಅಭಿರುಚಿಯ ಮಾತಾಗಿ ಬರೆದದ್ದು, ಮುಂದೆ ಪಠ್ಯಪುಸ್ತಕಗಳಲ್ಲಿ ಕಟ್ಟುನಿಟ್ಟಿನ ಕಾನೂನಾಯಿತು. ಇಂಗ್ಲೆಂಡಿನ ಸೂಪರ್ ಮಾರ್ಕೆಟ್‌ಗಳ ಬಿಲ್ಲಿಂಗ್ ಕೌಂಟರುಗಳಲ್ಲಿ 'ಟೆನ್ ಐಟಮ್ಸ್ ಆರ್ ಲೆಸ್' ಎಂಬ ಫಲಕದ ಬಗ್ಗೆ ವಾದ ನಡೆದು, 2008ರಲ್ಲಿ ಟೆಸ್ಕೊ ಸಂಸ್ಥೆ ಎರಡೂ ಪದಗಳ ಸಹವಾಸ ಬೇಡವೆಂದು 'ಅಪ್ ಟು ಟೆನ್ ಐಟಮ್ಸ್' ಎಂಬ ಮಾತಿಗೆ ಹೋಯಿತು. ಪರೀಕ್ಷೆಯಲ್ಲಿ ಇಂಥ ಮೂರನೇ ದಾರಿ ಇರುವುದಿಲ್ಲ.

ನಾಮಪದ ಎಣಿಸುವಂಥದ್ದೇ ಎಂದು ತೀರ್ಮಾನಿಸುವಾಗ ಕನ್ನಡದ ತಿಳಿವಳಿಕೆ ಕೆಲವು ಕಡೆ ದಾರಿ ತಪ್ಪಿಸುತ್ತದೆ. 'ಫರ್ನಿಚರ್', 'ಲಗೇಜ್', 'ಇನ್ಫರ್ಮೇಷನ್', 'ಅಡ್ವೈಸ್', 'ನ್ಯೂಸ್' ಇವುಗಳನ್ನು ಮೇಜು, ಪೆಟ್ಟಿಗೆ, ಮಾಹಿತಿಗಳು, ಸಲಹೆಗಳು, ಸುದ್ದಿಗಳು ಎಂದು ನಾವು ಎಣಿಸಿಬಿಡುತ್ತೇವೆ. ಇಂಗ್ಲಿಷ್ ಎಣಿಸುವುದಿಲ್ಲ, ಆದ್ದರಿಂದ ಎಲ್ಲಕ್ಕೂ 'ಲೆಸ್'. ಇನ್ನೊಂದು ಕಡೆ, ಅಂಕಿ ಇದ್ದೂ 'ಲೆಸ್' ಬರುವ ಸಂದರ್ಭಗಳಿವೆ: ಹಣ, ದೂರ, ಕಾಲ. 'ಲೆಸ್ ದ್ಯಾನ್ ಫೈವ್ ಹಂಡ್ರೆಡ್ ರುಪೀಸ್', 'ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್', 'ಲೆಸ್ ದ್ಯಾನ್ ಟು ವೀಕ್ಸ್' ಇವೆಲ್ಲ ಸರಿ, ಏಕೆಂದರೆ ಇಲ್ಲಿ ಐನೂರು ಬಿಡಿ ರೂಪಾಯಿಗಳ ಮಾತಿಲ್ಲ, ಒಂದು ಮೊತ್ತದ ಮಾತಿದೆ. 'ಲೆಸರ್' ಎಂಬುದು 'ಲೆಸ್' ಪದದ ಮೇಲೆ ಮತ್ತೊಂದು ಕಂಪ್ಯಾರೆಟಿವ್ ಪ್ರತ್ಯಯ ಹೊತ್ತ ರೂಪ. ಅದು ಮಹತ್ವ ಅಥವಾ ತೀವ್ರತೆ ಕಡಿಮೆ ಎಂಬ ಅರ್ಥದಲ್ಲಿ ನಾಮಪದದ ಹಿಂದೆ ಬರುತ್ತದೆ, 'ದಿ ಲೆಸರ್ ಈವಿಲ್' ಎಂಬಂತೆ. ಅದರ ಮುಂದೆ 'ದ್ಯಾನ್' ಬರುವುದಿಲ್ಲ. ಖಾಲಿ ಜಾಗದ ನಂತರ 'ದ್ಯಾನ್' ಇದ್ದರೆ 'ಲೆಸರ್' ಆಯ್ಕೆಯನ್ನು ಕೂಡಲೇ ಹೊಡೆದುಹಾಕಬಹುದು.

ಸೋದರ ಪದಗಳ ಜೋಡಿಗಳು

'ಎಲ್ಡರ್' ಮತ್ತು 'ಓಲ್ಡರ್' ಜೋಡಿಗೂ ಇದೇ ಉಪಾಯ ಸಾಕು. 'ಎಲ್ಡರ್' ಒಂದೇ ಕುಟುಂಬದವರಿಗೆ ಮೀಸಲು, ಅದರ ಮುಂದೆ 'ದ್ಯಾನ್' ಬರುವುದಿಲ್ಲ. 'ಮೈ ಎಲ್ಡರ್ ಸಿಸ್ಟರ್' ಸರಿ. ಆದರೆ ಅದೇ ಅಕ್ಕನ ಬಗ್ಗೆ 'ಶಿ ಈಸ್' ಎಂದು ಹೇಳಿ ಮುಂದೆ 'ದ್ಯಾನ್ ಮಿ' ಇದ್ದರೆ 'ಓಲ್ಡರ್' ಆಗಬೇಕು. ಕುಟುಂಬದ ಮಾತು ಕಂಡ ಕೂಡಲೇ 'ಎಲ್ಡರ್' ಗುರುತು ಹಾಕುವವರಿಗೆ ಈ 'ದ್ಯಾನ್' ಕಾಣುವುದಿಲ್ಲ.

'ಲೇಟರ್' ಪದದಲ್ಲಿ ಒಂದು 'ಟಿ', ಅದು ಕಾಲಕ್ಕೆ. 'ಲ್ಯಾಟರ್' ಪದದಲ್ಲಿ ಎರಡು 'ಟಿ', ಅದು ಹೇಳಿದ ಇಬ್ಬರಲ್ಲಿ ಎರಡನೆಯವರಿಗೆ, ಅದರ ಜೊತೆ 'ದಿ' ಇರುತ್ತದೆ. ಮೂವರ ಹೆಸರು ಹೇಳಿ ಕೊನೆಯವರನ್ನು ಸೂಚಿಸುವಾಗ 'ದಿ ಲಾಸ್ಟ್'. 'ಲೇಟೆಸ್ಟ್' ಎಂದರೆ ಈವರೆಗಿನ ಹೊಸತು, ಮುಂದೆ ಇನ್ನೊಂದು ಬರಬಹುದು. 'ಲಾಸ್ಟ್' ಎಂದರೆ ಕೊನೆಯದು. ದೂರಕ್ಕೆ 'ಫಾರ್ದರ್', ಹೆಚ್ಚಿನ ಎಂಬ ಅರ್ಥಕ್ಕೆ 'ಫರ್ದರ್'. ಬ್ರಿಟಿಷ್ ಬಳಕೆಯಲ್ಲಿ ದೂರಕ್ಕೂ 'ಫರ್ದರ್' ನಡೆಯುತ್ತದೆ, ಆದರೆ ಎರಡೂ ಆಯ್ಕೆಗಳಲ್ಲಿದ್ದರೆ ಈ ಭೇದವನ್ನೇ ಪಾಲಿಸಬೇಕು. ದೂರದ ಲೆಕ್ಕದಲ್ಲಿ ಹತ್ತಿರದ್ದು 'ನಿಯರೆಸ್ಟ್', ಸಾಲಿನಲ್ಲಿ ಮುಂದಿನದು 'ನೆಕ್ಸ್ಟ್'.

ಇಬ್ಬರ ನಡುವಿನ ಹೋಲಿಕೆಗೆ ಕಂಪ್ಯಾರೆಟಿವ್, ಮೂವರು ಅಥವಾ ಹೆಚ್ಚಿನವರಿಗೆ ಸೂಪರ್ಲೇಟಿವ್ ಎಂಬುದು ಎಲ್ಲರಿಗೂ ತಿಳಿದ ನಿಯಮ. ಮರೆತುಹೋಗುವುದು ಅದರ ಜೊತೆಗಿನ 'ದಿ'. 'ಆಫ್ ದಿ ಟು' ಎಂಬ ಮಾತು ವಾಕ್ಯದಲ್ಲಿ ಇದ್ದರೆ 'ದಿ ಟಾಲರ್' ಎಂದೇ ಬರಬೇಕು. ಬರಿಯ 'ಟಾಲರ್' ಸಾಲದು, 'ದಿ ಟಾಲೆಸ್ಟ್' ಸಲ್ಲದು. 'ಒನ್ ಆಫ್ ದಿ' ಇದ್ದರೆ ಸೂಪರ್ಲೇಟಿವ್ ಮತ್ತು ಬಹುವಚನ ನಾಮಪದ ಎರಡೂ ಬೇಕು. ಒಬ್ಬನಲ್ಲೇ ಇರುವ ಎರಡು ಗುಣಗಳನ್ನು ಹೋಲಿಸುವಾಗ ಗುಣವಾಚಕ ಎಷ್ಟೇ ಚಿಕ್ಕದಿದ್ದರೂ 'ಮೋರ್' ಬರುತ್ತದೆ: 'ಹಿ ಈಸ್ ಮೋರ್ ಬ್ರೇವ್ ದ್ಯಾನ್ ವೈಸ್'. ಇಲ್ಲಿ 'ಬ್ರೇವರ್' ಎಂಬ ಆಯ್ಕೆ ಕಣ್ಣಿಗೆ ಹೆಚ್ಚು ಶುದ್ಧವಾಗಿ ಕಾಣುತ್ತದೆ, ಅದಕ್ಕೇ ಅದನ್ನು ಇಟ್ಟಿರುತ್ತಾರೆ.

ಒತ್ತು ಕೊಡುವ ಪದಗಳು ಮತ್ತು ಸರ್ವನಾಮಗಳು

'ವೆರಿ' ಪಾಸಿಟಿವ್ ರೂಪದ ಜೊತೆ, 'ಮಚ್' ಮತ್ತು 'ಫಾರ್' ಕಂಪ್ಯಾರೆಟಿವ್ ಜೊತೆ, 'ಬೈ ಫಾರ್' ಸೂಪರ್ಲೇಟಿವ್ ಜೊತೆ. 'ವೆರಿ ಬೆಟರ್' ತಪ್ಪು, 'ಮಚ್ ಬೆಟರ್' ಸರಿ. 'ಮೋರ್ ಬೆಟರ್' ಎಂಬ ಎರಡು ಪಟ್ಟಿನ ಹೋಲಿಕೆ ತಪ್ಪೆಂದು ಬಹುಮಂದಿಗೆ ಗೊತ್ತಿದೆ; ಆದರೆ 'ಕಂಪ್ಯಾರೆಟಿವ್ಲಿ ಬೆಟರ್' ಕೂಡ ಅದೇ ತಪ್ಪಿನ ಇನ್ನೊಂದು ವೇಷ. ಅಲ್ಲಿ 'ಕಂಪ್ಯಾರೆಟಿವ್ಲಿ ಗುಡ್' ಸಾಕು. 'ಯುನೀಕ್', 'ಪರ್ಫೆಕ್ಟ್', 'ಐಡಿಯಲ್' ಎಂಬ ಪದಗಳಿಗೆ 'ಮೋರ್', 'ಮೋಸ್ಟ್' ಸೇರಿಸಬಾರದು ಎಂಬುದು ಪರೀಕ್ಷೆಯ ನಿಯಮ. 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲೇ 'ಎ ಮೋರ್ ಪರ್ಫೆಕ್ಟ್ ಯೂನಿಯನ್' ಎಂದಿದೆ ಎಂಬ ಸಮರ್ಥನೆ ಓಎಂಆರ್ ಹಾಳೆಯ ಮೇಲೆ ಉಪಯೋಗಕ್ಕೆ ಬರುವುದಿಲ್ಲ.

'ದ್ಯಾನ್ ಐ' ಬರಬೇಕೇ, 'ದ್ಯಾನ್ ಮಿ' ಬರಬೇಕೇ ಎಂಬ ಗೊಂದಲಕ್ಕೆ, ಬಿಟ್ಟುಹೋದ ಕ್ರಿಯಾಪದವನ್ನು ಮನಸ್ಸಿನಲ್ಲೇ ತುಂಬಿ ನೋಡುವುದೇ ಪರಿಹಾರ. 'ಶಿ ಹೆಲ್ಪ್ಸ್ ಹಿಮ್ ಮೋರ್ ದ್ಯಾನ್ ಐ' ಎಂದರೆ ನಾನು ಅವನಿಗೆ ಮಾಡುವುದಕ್ಕಿಂತ ಹೆಚ್ಚು ಸಹಾಯ ಅವಳು ಮಾಡುತ್ತಾಳೆ. 'ದ್ಯಾನ್ ಮಿ' ಎಂದರೆ ಅವಳು ನನಗಿಂತ ಅವನಿಗೆ ಹೆಚ್ಚು ಸಹಾಯ ಮಾಡುತ್ತಾಳೆ. 'ಟಾಲರ್' ಮುಂತಾದ ಕಡೆ ಸಾಂಪ್ರದಾಯಿಕ ಉತ್ತರ 'ದ್ಯಾನ್ ಐ', ಮಾತಿನಲ್ಲಿ 'ದ್ಯಾನ್ ಮಿ' ಸಾಮಾನ್ಯ. ಎರಡೂ ಆಯ್ಕೆಗಳಿದ್ದರೆ ನೇಮಕಾತಿ ಪರೀಕ್ಷೆಯಲ್ಲಿ ಮೊದಲನೆಯದನ್ನು ಆರಿಸುವುದು ಸುರಕ್ಷಿತ. 'ಟು' ನಂತರ ಮಾತ್ರ ಈ ಚರ್ಚೆಯೇ ಇಲ್ಲ, ಅಲ್ಲಿ ಯಾವಾಗಲೂ 'ಮಿ', 'ಹಿಮ್', 'ಹರ್'.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಉತ್ತರಕ್ಕೆ ಗುರುತು ಹಾಕುವ ಮೊದಲು, ಆ ಉತ್ತರವನ್ನು ನಿರ್ಧರಿಸಿದ ಪದದ ಕೆಳಗೆ ಗೆರೆ ಎಳೆಯುವ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು. ಗೆರೆ ಎಳೆಯಲು ಪದ ಸಿಗದಿದ್ದರೆ ಉತ್ತರ ಸರಿಯಾಗಿದ್ದರೂ ಅದು ಊಹೆಯೇ. ಆ ಪ್ರಶ್ನೆಗೆ ಮತ್ತೊಮ್ಮೆ ಮರಳಬೇಕು. ಉದಾಹರಣೆಗೆ, ನಾಲ್ಕು ಭಾಗಗಳಾಗಿ ಒಡೆದ ಈ ವಾಕ್ಯವನ್ನು ನೋಡಿ: 'ದಿ ಸ್ಯಾಲರಿ ಆಫ್ ಎ ಟೀಚರ್ / ಇನ್ ದಿಸ್ ಸ್ಕೂಲ್ / ಈಸ್ ಮಚ್ ಹೈಯರ್ / ದ್ಯಾನ್ ಎ ಕ್ಲರ್ಕ್'. ಮೂರನೇ ಭಾಗದ 'ಮಚ್ ಹೈಯರ್' ಅನುಮಾನ ಹುಟ್ಟಿಸುತ್ತದೆ, ಆದರೆ ಕಂಪ್ಯಾರೆಟಿವ್ ಜೊತೆ 'ಮಚ್' ಸರಿ. 'ಹೈಯರ್' ಇರುವುದರಿಂದ 'ದ್ಯಾನ್' ಕೂಡ ಸರಿ. ಈಗ ಮೊದಲ ಭಾಗಕ್ಕೆ ಮರಳಿದರೆ ಹೋಲಿಸಲಾಗುತ್ತಿರುವುದು ಸಂಬಳ, ಕೊನೆಯ ಭಾಗದಲ್ಲಿ ಇರುವುದು ಗುಮಾಸ್ತ. ಗೆರೆ ಬೀಳಬೇಕಾದದ್ದು 'ಸ್ಯಾಲರಿ' ಎಂಬ ಪದದ ಕೆಳಗೆ, ದೋಷ ಇರುವುದು ನಾಲ್ಕನೇ ಭಾಗದಲ್ಲಿ, ತಿದ್ದುಪಡಿ 'ದ್ಯಾನ್ ದ್ಯಾಟ್ ಆಫ್ ಎ ಕ್ಲರ್ಕ್'.